ಕಕ್ಕಡದ ಮಳೆಗೆ ಮುನ್ನ ಕ್ಯಾಲ್ಸಿಯಂ ಕಪಾಟು ತುಂಬಿರಲಿ

ಗೆ,
ಜಿಲ್ಲಾ ಆರೋಗ್ಯ ಮತ್ತು ಕುಟುಂಬ ಕಲ್ಯಾಣಾಧಿಕಾರಿಗಳು, ಕೊಡಗು ಜಿಲ್ಲೆ, ಮಡಿಕೇರಿ;
ಹಾಗೂ ಜಿಲ್ಲೆಯ ಎಲ್ಲ ಆಸ್ಪತ್ರೆಗಳ ಆಡಳಿತ ವೈದ್ಯಾಧಿಕಾರಿಗಳು

ವಿಷಯ: ಪ್ಯಾರಾಥೈರಾಯ್ಡ್ ಹಾರ್ಮೋನ್ ಕೊರತೆಗೆ ಈಗಿರುವ ಚಿಕಿತ್ಸೆ, ಬರುತ್ತಿರುವ ಚಿಕಿತ್ಸೆ ಮತ್ತು ಜಿಲ್ಲೆಯಲ್ಲಿ ಆಗಬೇಕಾದ ಸಿದ್ಧತೆ

ಮಾನ್ಯರೇ,

ಥೈರಾಯ್ಡ್ ಆಪರೇಷನ್ ಮಾಡಿಸಿಕೊಂಡು ಮೈಸೂರಿನಿಂದಲೋ ಮಂಗಳೂರಿನಿಂದಲೋ ಊರಿಗೆ ಮರಳಿದವರಲ್ಲಿ ಕೆಲವರಿಗೆ ಎರಡನೇ ಅಥವಾ ಮೂರನೇ ದಿನ ತುಟಿಯ ಸುತ್ತ ಜುಮ್ಮೆನ್ನಲು ಶುರುವಾಗುತ್ತದೆ. ಆಮೇಲೆ ಬೆರಳ ತುದಿಗೆ ಜೋಮು. ಅದನ್ನು ಲೆಕ್ಕಿಸದೆ ಬಿಟ್ಟರೆ ರಾತ್ರಿಯ ಹೊತ್ತಿಗೆ ಕೈ ಸೆಟೆದು, ಬೆರಳುಗಳು ನೆಟ್ಟಗೆ ಒಂದಕ್ಕೊಂದು ಅಂಟಿ, ಹೆಬ್ಬೆರಳು ಅಂಗೈಯೊಳಕ್ಕೆ ಮಡಚಿಕೊಳ್ಳುತ್ತದೆ. ಬಿಡಿಸಲು ಹೋದರೆ ಬಿಡದು. ರಕ್ತದಲ್ಲಿ ಕ್ಯಾಲ್ಸಿಯಂ ಕುಸಿದಿದೆಯೇ ಎಂದು ನೋಡಲು ಇಷ್ಟು ಸಾಕು. ಆದರೂ ಇಂಥವರಿಗೆ ‘ಗಾಬರಿಯಿಂದ ಆಗಿದ್ದು’ ಎಂದು ನಿದ್ದೆ ಮಾತ್ರೆ ಕೊಟ್ಟು ಕಳಿಸುವುದು, ಬಿ-ಕಾಂಪ್ಲೆಕ್ಸ್ ಚುಚ್ಚುವುದು, ಫಿಟ್ಸ್ ಬಂದಿದ್ದರೆ ಅಪಸ್ಮಾರವೆಂದು ಫೆನಿಟಾಯಿನ್ ಹಚ್ಚುವುದು ಎಲ್ಲ ಕಡೆ ನಡೆಯುವ ತಪ್ಪು. ಫೆನಿಟಾಯಿನ್ ದೇಹದಲ್ಲಿರುವ ವಿಟಮಿನ್ ಡಿಯನ್ನು ಬೇಗ ಖರ್ಚು ಮಾಡಿಸುತ್ತದೆ. ಅಂದರೆ ಕ್ಯಾಲ್ಸಿಯಂ ಇನ್ನಷ್ಟು ಇಳಿಯುತ್ತದೆ.

ಈ ತಪ್ಪು ಬೇರೆ ಜಿಲ್ಲೆಯಲ್ಲಾದರೆ ಅರ್ಧ ಗಂಟೆಯಲ್ಲಿ ಇನ್ನೊಂದು ಆಸ್ಪತ್ರೆ ಸಿಗಬಹುದು. ಬಿರುನಾಣಿಯಿಂದಲೋ ನಾಪೋಕ್ಲಿನಾಚೆಯಿಂದಲೋ ಜುಲೈ-ಆಗಸ್ಟ್‌ನ ಕಕ್ಕಡ ತಿಂಗಳಲ್ಲಿ ರಾತ್ರಿ ಹೊರಟವರಿಗೆ ಅದು ಸಿಗುವುದಿಲ್ಲ. 2018ರ ಆಗಸ್ಟ್‌ನಲ್ಲಿ ಬರೆ ಕುಸಿದು ಸಂಪಾಜೆ ರಸ್ತೆ ವಾರಗಟ್ಟಲೆ ಮುಚ್ಚಿದ್ದನ್ನು ತಮಗೆ ನೆನಪಿಸಬೇಕಿಲ್ಲ. ಆ ಮಟ್ಟದ ಅನಾಹುತ ಬೇಡ, ಒಂದು ಮರ ಬಿದ್ದು ಎರಡು ದಿನ ಕರೆಂಟು, ರಸ್ತೆ ಎರಡೂ ಇಲ್ಲದಿದ್ದರೂ ಈ ರೋಗಿಗಳಿಗೆ ಕಷ್ಟ. ಏಕೆಂದರೆ ಇವರು ಬದುಕಿರುವುದು ದಿನಕ್ಕೆ ಮೂರು ಹೊತ್ತು ನುಂಗುವ ಮಾತ್ರೆಯ ಮೇಲೆ, ಆ ಮಾತ್ರೆಯ ಪರಿಣಾಮ ಇಳಿದುಹೋಗಲು ಬೇಕಾದದ್ದು ಎರಡು ಮೂರು ದಿನ.

ಮೂಲ ವಿಷಯವನ್ನು ಚಿಕ್ಕದಾಗಿ ಹೇಳುತ್ತೇವೆ. ಥೈರಾಯ್ಡ್ ಗ್ರಂಥಿಯ ಬೆನ್ನಿಗೆ ಅಕ್ಕಿಕಾಳಿನಷ್ಟು ದೊಡ್ಡ ನಾಲ್ಕು ಪ್ಯಾರಾಥೈರಾಯ್ಡ್ ಗ್ರಂಥಿಗಳಿವೆ. ಅವು ಸುರಿಸುವ ಹಾರ್ಮೋನ್, ಅಂದರೆ ಪಿಟಿಎಚ್, ಮೂಳೆಯಿಂದ ಕ್ಯಾಲ್ಸಿಯಂ ಬಿಡಿಸುತ್ತದೆ, ಮೂತ್ರದಲ್ಲಿ ಕ್ಯಾಲ್ಸಿಯಂ ಸೋರದಂತೆ ಮೂತ್ರಪಿಂಡದಲ್ಲಿ ತಡೆಯುತ್ತದೆ, ರಂಜಕವನ್ನು ಹೊರಗೆ ಹಾಕುತ್ತದೆ, ವಿಟಮಿನ್ ಡಿಯನ್ನು ಕೆಲಸಕ್ಕೆ ಬರುವ ರೂಪಕ್ಕೆ ತಿರುಗಿಸುತ್ತದೆ. ಗಂಟಲಿನ ಶಸ್ತ್ರಚಿಕಿತ್ಸೆಯಲ್ಲಿ ಈ ಗ್ರಂಥಿಗಳು ಕಿತ್ತುಬಂದರೆ ಅಥವಾ ಅವುಗಳ ಸಣ್ಣ ರಕ್ತನಾಳ ಕಟ್ಟಿಹೋದರೆ ನಾಲ್ಕೂ ಕೆಲಸ ಒಟ್ಟಿಗೆ ನಿಲ್ಲುತ್ತವೆ. ದೊಡ್ಡವರಲ್ಲಿ ಈ ರೋಗದ ಸುಮಾರು ಮುಕ್ಕಾಲು ಪಾಲು ಹೀಗೆ ಬಂದದ್ದೇ. ಉಳಿದದ್ದು ದೇಹದ ರೋಗನಿರೋಧಕ ಶಕ್ತಿಯೇ ಗ್ರಂಥಿಯ ಮೇಲೆ ತಿರುಗಿಬೀಳುವುದರಿಂದ, ಹುಟ್ಟಿನಿಂದ ಬಂದ ಜೀನ್ ದೋಷದಿಂದ, ಮೆಗ್ನೀಷಿಯಂ ತೀರಾ ಇಳಿದಿರುವುದರಿಂದ, ಥಲಸ್ಸೀಮಿಯಾದವರಿಗೆ ರಕ್ತ ಕೊಟ್ಟೂ ಕೊಟ್ಟೂ ಕಬ್ಬಿಣ ಶೇಖರವಾಗುವುದರಿಂದ. ಆಪರೇಷನ್ ಆಗದವರಲ್ಲಿ ಗುರುತು ಹಿಡಿಯುವುದು ಕಷ್ಟ. ಆದರೆ ಫಿಟ್ಸ್ ಇದೆ, ಮೂವತ್ತರ ಒಳಗೇ ಎರಡೂ ಕಣ್ಣಿಗೆ ಪೊರೆ ಬಂದಿದೆ, ತಲೆಯ ಸಿಟಿಯಲ್ಲಿ ಸುಣ್ಣದ ಕಲೆಗಳಿವೆ, ಈ ಮೂರರಲ್ಲಿ ಎರಡು ಕೂಡಿ ಬಂದರೂ ಕ್ಯಾಲ್ಸಿಯಂ, ರಂಜಕ, ಪಿಟಿಎಚ್ ನೋಡದೆ ಬಿಡಬಾರದು. ಕಣ್ಣಿನ ವಿಭಾಗದವರಿಗೆ ಈ ಮಾತು ವಿಶೇಷವಾಗಿ.

ಮೊದಲ ಕೋರಿಕೆ ಜಿಲ್ಲೆಯ ಹೊರಗಿನ ಶಸ್ತ್ರವೈದ್ಯರ ಕಡೆಗೆ ತಮ್ಮ ಮೂಲಕ ಹೋಗಬೇಕಾದದ್ದು. ಥೈರಾಯ್ಡ್ ಪೂರ್ತಿ ತೆಗೆದ ಮೇಲೆ ಕ್ಯಾಲ್ಸಿಯಂ ಅತಿ ಕೆಳಕ್ಕೆ ಇಳಿಯುವುದು 24ರಿಂದ 72 ಗಂಟೆಯೊಳಗೆ. ಈಗಿನ ಪದ್ಧತಿಯಲ್ಲಿ ರೋಗಿಯನ್ನು ಮನೆಗೆ ಕಳಿಸುವುದೂ ಸರಿಯಾಗಿ ಅದೇ ಹೊತ್ತಿಗೆ. ಇದಕ್ಕೆ ಪರಿಹಾರವಿದೆ: ಆಪರೇಷನ್ ಆಗಿ 12ರಿಂದ 24 ಗಂಟೆಯೊಳಗೆ ಒಮ್ಮೆ ಪಿಟಿಎಚ್ ಅಳೆಯುವುದು. ಅದು ಪ್ರತಿ ಮಿ.ಲೀ.ಗೆ 10 ಪಿಕೋಗ್ರಾಂಗಿಂತ ಮೇಲಿದ್ದರೆ ಶಾಶ್ವತ ಕೊರತೆಯ ಭಯ ಬಹುಮಟ್ಟಿಗೆ ಇಲ್ಲ. ಅದಕ್ಕಿಂತ ಕೆಳಗಿದ್ದರೆ ಲಕ್ಷಣಕ್ಕಾಗಿ ಕಾಯದೆ ಕ್ಯಾಲ್ಸಿಯಂ ಮತ್ತು ಕ್ಯಾಲ್ಸಿಟ್ರಿಯಾಲ್ (ಕೆಲಸಕ್ಕೆ ಬರುವ ರೂಪದ ವಿಟಮಿನ್ ಡಿ) ಶುರು ಮಾಡಿಯೇ ಕಳಿಸಬೇಕು. ಸಾಮಾನ್ಯವಾಗಿ ದಿನಕ್ಕೆ ಮೂರು ಬಾರಿ 500ರಿಂದ 1,000 ಮಿ.ಗ್ರಾಂ ಎಲಿಮೆಂಟಲ್ ಕ್ಯಾಲ್ಸಿಯಂ (ಲವಣದ ತೂಕ ಬಿಟ್ಟು ಉಳಿಯುವ ಶುದ್ಧ ಕ್ಯಾಲ್ಸಿಯಂ), ಜೊತೆಗೆ ಕ್ಯಾಲ್ಸಿಟ್ರಿಯಾಲ್ 0.25 ಅಥವಾ 0.5 ಮೈಕ್ರೋಗ್ರಾಂ ಎರಡು ಹೊತ್ತು. ಬಿಡುಗಡೆ ಚೀಟಿಯಲ್ಲಿ ಪಿಟಿಎಚ್ ಎಷ್ಟು, ಎಷ್ಟು ಗಂಟೆಗೆ ತೆಗೆದದ್ದು, ಎಷ್ಟು ಗ್ರಂಥಿ ಕಣ್ಣಿಗೆ ಬಿದ್ದವು, ಯಾವುದನ್ನಾದರೂ ಕುತ್ತಿಗೆಯ ಸ್ನಾಯುವಿನಲ್ಲಿ ಕಸಿ ಮಾಡಿದ್ದಾರೆಯೇ ಎಂಬುದು ಬರೆದಿರಲಿ. ‘ಥೈರಾಯ್ಡ್ ಆಪರೇಷನ್ ಯಶಸ್ವಿ, ಐದು ದಿನ ಬಿಟ್ಟು ಬನ್ನಿ’ ಎಂಬಷ್ಟೇ ಇರುವ ಚೀಟಿಯಿಂದ ಇಲ್ಲಿನ ವೈದ್ಯರಿಗೆ ಏನೂ ತಿಳಿಯುವುದಿಲ್ಲ. ಗ್ರಂಥಿಗಳನ್ನು ಗುರುತಿಸಲು ಈಗ ಅತಿಗೆಂಪು ಬೆಳಕಿನ ಕ್ಯಾಮರಾ ಬಂದಿದೆ; ಆ ಬೆಳಕಿನಲ್ಲಿ ಪ್ಯಾರಾಥೈರಾಯ್ಡ್ ತಾನಾಗಿಯೇ ಹೊಳೆಯುತ್ತದೆ. ಅಮೆರಿಕದಲ್ಲಿ 2018ರಲ್ಲೇ ಇದಕ್ಕೆ ಅನುಮತಿ ಸಿಕ್ಕಿದೆ. ಒಳ್ಳೆಯ ಉಪಕರಣ, ಆದರೆ ಹೊಳೆಯುವ ಗ್ರಂಥಿಗೆ ರಕ್ತ ಓಡುತ್ತಿದೆಯೇ ಎಂಬುದನ್ನು ಅದೊಂದೇ ಹೇಳದು.

ಎರಡನೆಯದು ತುರ್ತು ಘಟಕದ ವಿಷಯ, ಇದನ್ನು ಸ್ವಲ್ಪ ವಿವರವಾಗಿಯೇ ಬರೆಯುತ್ತೇವೆ. ಕೈ ಸೆಟೆದು ಬಂದ ರೋಗಿಗೆ, ಉಸಿರು ಎಳೆದುಕೊಳ್ಳುವಾಗ ಗಂಟಲು ಕೀರಲಾಗುತ್ತಿರುವ ರೋಗಿಗೆ, ಫಿಟ್ಸ್ ಬಂದ ರೋಗಿಗೆ, ಇಸಿಜಿಯಲ್ಲಿ ಕ್ಯೂಟಿ ಅಂತರ ಉದ್ದವಾದ ರೋಗಿಗೆ ಮಾತ್ರೆ ಸಾಲದು. ಬೇಕಾದದ್ದು 10 ಪ್ರತಿಶತ ಕ್ಯಾಲ್ಸಿಯಂ ಗ್ಲುಕೋನೇಟ್. 10 ಮಿ.ಲೀ. ಆಂಪೂಲ್ ಒಂದರಲ್ಲಿ ಸಿಗುವ ಎಲಿಮೆಂಟಲ್ ಕ್ಯಾಲ್ಸಿಯಂ ಕೇವಲ 93 ಮಿ.ಗ್ರಾಂ. ಮೊದಲು ಒಂದು ಅಥವಾ ಎರಡು ಆಂಪೂಲ್‌ಗಳನ್ನು 50ರಿಂದ 100 ಮಿ.ಲೀ. 5 ಪ್ರತಿಶತ ಡೆಕ್ಸ್‌ಟ್ರೋಸ್‌ನಲ್ಲಿ ಬೆರೆಸಿ, ಮಾನಿಟರ್ ಹಚ್ಚಿ, ಹತ್ತು ನಿಮಿಷಕ್ಕೆ ಕಡಿಮೆಯಾಗದಂತೆ ಕೊಡಬೇಕು. ಸಿರಿಂಜಿನಿಂದ ಒಂದೇ ಉಸಿರಿಗೆ ತಳ್ಳಿದರೆ ಹೃದಯದ ಬಡಿತ ಕುಗ್ಗಿ ನಿಲ್ಲಬಹುದು. ಹೃದಯದ ಔಷಧ ಡಿಗಾಕ್ಸಿನ್ ತೆಗೆದುಕೊಳ್ಳುವವರಲ್ಲಂತೂ ಇನ್ನೂ ಎಚ್ಚರ.

ಹೆಚ್ಚಿನ ಕಡೆ ಚಿಕಿತ್ಸೆ ಇಲ್ಲಿಗೆ ನಿಲ್ಲುತ್ತದೆ. ಕೈ ಬಿಡುತ್ತದೆ, ರೋಗಿ ನಗುತ್ತಾರೆ, ವಾರ್ಡಿನಿಂದ ಮನೆಗೆ. ಆದರೆ ಆ ಎರಡು ಆಂಪೂಲಿನ ಬಲ ಎರಡು ಮೂರು ಗಂಟೆ ಮಾತ್ರ. ಆದ್ದರಿಂದ ಡ್ರಿಪ್ ಮುಂದುವರಿಯಬೇಕು. 500 ಮಿ.ಲೀ. ಡೆಕ್ಸ್‌ಟ್ರೋಸ್ ಬಾಟಲಿಯಿಂದ 50 ಮಿ.ಲೀ. ತೆಗೆದು ಚೆಲ್ಲಿ, ಅದರ ಜಾಗಕ್ಕೆ ಐದು ಆಂಪೂಲ್ ಸೇರಿಸಿದರೆ ಮಿ.ಲೀ.ಗೆ ಹೆಚ್ಚೂಕಡಿಮೆ 1 ಮಿ.ಗ್ರಾಂ ಎಲಿಮೆಂಟಲ್ ಕ್ಯಾಲ್ಸಿಯಂ ಆಗುತ್ತದೆ, ಲೆಕ್ಕ ಸುಲಭ. ಗಂಟೆಗೆ 50 ಮಿ.ಲೀ.ಯಿಂದ ಶುರು ಮಾಡಿ, ನಾಲ್ಕು ಆರು ಗಂಟೆಗೊಮ್ಮೆ ಕ್ಯಾಲ್ಸಿಯಂ ನೋಡಿ, ತೂಕದ ಪ್ರತಿ ಕಿಲೋಗೆ ಗಂಟೆಗೆ 0.5ರಿಂದ 1.5 ಮಿ.ಗ್ರಾಂ ಒಳಗೆ ಹೆಚ್ಚು ಕಡಿಮೆ ಮಾಡಬೇಕು. ಗಂಟೆಗೆ 50ರಂತೆ ಒಂದು ದಿನಕ್ಕೆ 12 ಆಂಪೂಲ್, ಮೊದಲಿನ ಎರಡು ಸೇರಿ 14. ಒಬ್ಬ ರೋಗಿಗೆ, ಒಂದು ದಿನಕ್ಕೆ. ತುರ್ತು ಟ್ರೇಯಲ್ಲಿ ನಾಲ್ಕು ಆಂಪೂಲ್ ಇಟ್ಟು ‘ಸ್ಟಾಕ್ ಇದೆ’ ಎಂದು ಬರೆಯುವವರು ಈ ಲೆಕ್ಕವನ್ನು ಒಮ್ಮೆ ಮಾಡಬೇಕು. ಮಡಿಕೇರಿಯ ಬೋಧಕ ಆಸ್ಪತ್ರೆಯಲ್ಲೂ ತಾಲೂಕು ಆಸ್ಪತ್ರೆಗಳಲ್ಲೂ ಮೇ ತಿಂಗಳ ಕೊನೆಗೆ ಕನಿಷ್ಠ 50 ಆಂಪೂಲ್ ಕೈಯಲ್ಲಿರಲಿ ಎಂಬುದು ನಮ್ಮ ಕೋರಿಕೆ.

ಇದೇ ನಳಿಕೆಯಲ್ಲಿ ಸೋಡಿಯಂ ಬೈಕಾರ್ಬೊನೇಟ್ ಆಗಲಿ ಸೆಫ್‌ಟ್ರಿಯಾಕ್ಸೋನ್ ಆಗಲಿ ಹೋಗಕೂಡದು; ಕ್ಯಾಲ್ಸಿಯಂ ಜೊತೆ ಕೂಡಿ ಬಿಳಿ ಗಸಿಯಾಗುತ್ತದೆ. ಕ್ಯಾಲ್ಸಿಯಂ ಕ್ಲೋರೈಡ್ ಸಿಕ್ಕಿತೆಂದು ಅಂಗೈ ಹಿಂಬದಿಯ ಸಣ್ಣ ನಾಳಕ್ಕೆ ಹಾಕಬೇಡಿ, ಹೊರಗೆ ಸೋರಿದರೆ ಚರ್ಮ ಸಾಯುತ್ತದೆ. ಎಷ್ಟು ಕ್ಯಾಲ್ಸಿಯಂ ಕೊಟ್ಟರೂ ಏರುತ್ತಿಲ್ಲ ಎಂದರೆ ಮೆಗ್ನೀಷಿಯಂ ನೋಡಿ. ಅದು ಕಡಿಮೆಯಿದ್ದರೆ, ಮೂತ್ರಪಿಂಡ ಚೆನ್ನಾಗಿದ್ದರೆ, ಮೆಗ್ನೀಷಿಯಂ ಸಲ್ಫೇಟ್ 2 ಗ್ರಾಂ ಅನ್ನು 100 ಮಿ.ಲೀ. ಸಲೈನ್‌ನಲ್ಲಿ ಹತ್ತಿಪ್ಪತ್ತು ನಿಮಿಷ ಕೊಡಬೇಕು. ಈ ಔಷಧಕ್ಕೆ ಹೊಸ ಇಂಡೆಂಟ್ ಬೇಡ: ಗರ್ಭಿಣಿಯರ ನಂಜಿನ ಫಿಟ್ಸಿಗೆಂದು ಹೆರಿಗೆ ಕೋಣೆಯಲ್ಲಿ ಅದು ಯಾವತ್ತೂ ಇರುತ್ತದೆ. ಪಕ್ಕದ ಬಾಗಿಲು ತಟ್ಟಿದರೆ ಆಯಿತು.

ರಿಪೋರ್ಟ್ ಓದುವಾಗ ಒಂದು ಎಚ್ಚರ. ಒಟ್ಟು ಕ್ಯಾಲ್ಸಿಯಂನಲ್ಲಿ ನೂರಕ್ಕೆ ಸುಮಾರು 40 ಪಾಲು ರಕ್ತದ ಪ್ರೋಟೀನಿಗೆ, ಮುಖ್ಯವಾಗಿ ಆಲ್ಬುಮಿನ್‌ಗೆ, ಅಂಟಿಕೊಂಡಿರುತ್ತದೆ. ಆಲ್ಬುಮಿನ್ 4ಕ್ಕಿಂತ ಎಷ್ಟು ಗ್ರಾಂ ಕಡಿಮೆಯೋ ಅಷ್ಟಕ್ಕೆ 0.8ರಂತೆ ಸೇರಿಸಿ ನೋಡಬೇಕು. ಪ್ರತಿ ಡೆಸಿಲೀಟರಿಗೆ ಕ್ಯಾಲ್ಸಿಯಂ 7.6 ಮಿ.ಗ್ರಾಂ, ಆಲ್ಬುಮಿನ್ 3 ಗ್ರಾಂ ಇದ್ದರೆ ನಿಜವಾದ ಅಂಕಿ 8.4, ಗಾಬರಿಗೆ ಕಾರಣವಿಲ್ಲ. ತದ್ವಿರುದ್ಧವೂ ಉಂಟು: ಹೆದರಿ ಜೋರಾಗಿ ಉಸಿರಾಡುತ್ತಿರುವವರಲ್ಲಿ ಒಟ್ಟು ಕ್ಯಾಲ್ಸಿಯಂ ಸರಿಯಿದ್ದೂ ಅಯಾನೀಕೃತ, ಅಂದರೆ ಪ್ರೋಟೀನಿಗೆ ಅಂಟದೆ ಬಿಡಿಯಾಗಿರುವ, ಕ್ಯಾಲ್ಸಿಯಂ ಇಳಿದಿರುತ್ತದೆ. ಪ್ರಯೋಗಾಲಯವೇ ಇಲ್ಲದ ಕಡೆ ಬಿಪಿ ಪಟ್ಟಿ ಸಾಕು. ಮೇಲಿನ ಒತ್ತಡಕ್ಕಿಂತ 20 ಹೆಚ್ಚಿಗೆ ಉಬ್ಬಿಸಿ ಮೂರು ನಿಮಿಷ ಬಿಟ್ಟರೆ ಕ್ಯಾಲ್ಸಿಯಂ ಕಡಿಮೆಯಿರುವವರ ಕೈ ಸೆಟೆಯುತ್ತದೆ. ಪ್ರಾಥಮಿಕ ಆರೋಗ್ಯ ಕೇಂದ್ರದ ಪ್ರತಿ ಶುಶ್ರೂಷಾಧಿಕಾರಿಗೂ ಇದನ್ನು ಒಮ್ಮೆ ಮಾಡಿ ತೋರಿಸಬೇಕು.

ಇನ್ನು ದಿನನಿತ್ಯದ ಮಾತ್ರೆ. ಇಲ್ಲಿ ನಡೆಯುವ ತಪ್ಪುಗಳಲ್ಲಿ ಹೆಚ್ಚಿನವು ಔಷಧದ ಅಂಗಡಿಯ ಕಟ್ಟೆಯ ಮೇಲೇ ಆಗುತ್ತವೆ. ಒಂದು ಮಾತ್ರೆ ಪಟ್ಟಿಯ ಮೇಲೆ ‘ಕ್ಯಾಲ್ಸಿಯಂ ಕಾರ್ಬೊನೇಟ್ 1250 ಮಿ.ಗ್ರಾಂ, 500 ಮಿ.ಗ್ರಾಂ ಎಲಿಮೆಂಟಲ್ ಕ್ಯಾಲ್ಸಿಯಂಗೆ ಸಮ’ ಎಂದಿರುತ್ತದೆ. ಇನ್ನೊಂದು ಪಟ್ಟಿಯಲ್ಲಿ, ಕ್ಯಾಲ್ಸಿಟ್ರಿಯಾಲ್ 0.25 ಮೈಕ್ರೋಗ್ರಾಂ ಜೊತೆ ಸತುವನ್ನೂ ಸೇರಿಸಿದ ಕ್ಯಾಪ್ಸೂಲ್‌ನಲ್ಲಿ, ‘ಕ್ಯಾಲ್ಸಿಯಂ ಕಾರ್ಬೊನೇಟ್ 500 ಮಿ.ಗ್ರಾಂ’ ಎಂದಿರುತ್ತದೆ. ಎರಡರಲ್ಲೂ 500 ಎಂಬ ಅಂಕಿ. ಆದರೆ ಕಾರ್ಬೊನೇಟ್‌ನಲ್ಲಿ ಕ್ಯಾಲ್ಸಿಯಂ ನೂರಕ್ಕೆ 40 ಪಾಲು. ಎರಡನೆಯದರಲ್ಲಿ ಸಿಗುವುದು 200 ಮಿ.ಗ್ರಾಂ ಅಷ್ಟೇ. ದಿನಕ್ಕೆ 1,500 ಬೇಕಾದವರು ಇದರಲ್ಲಿ ಮೂರು ನುಂಗಿ 600ಕ್ಕೆ ನಿಲ್ಲುತ್ತಾರೆ. ಸಿಟ್ರೇಟ್ ಆದರೆ 21 ಪಾಲು, ಮಾತ್ರೆಗಳ ಸಂಖ್ಯೆ ಇನ್ನೂ ಹೆಚ್ಚು. ಆದರೆ ಪ್ಯಾಂಟಪ್ರಜೋಲ್‌ನಂಥ ಗ್ಯಾಸ್ ಮಾತ್ರೆ ನುಂಗುವವರಿಗೆ ಅದೇ ವಾಸಿ, ಏಕೆಂದರೆ ಕಾರ್ಬೊನೇಟ್ ಕರಗಲು ಹೊಟ್ಟೆಯ ಆಮ್ಲ ಬೇಕು. ಕಾರ್ಬೊನೇಟನ್ನು ಊಟದ ಜೊತೆಗೇ ತೆಗೆದುಕೊಳ್ಳಬೇಕು. ಒಂದು ಹೊತ್ತಿಗೆ 500 ಮಿ.ಗ್ರಾಂ ಮೀರಿದರೆ ಹೀರಿಕೆಯ ಪ್ರಮಾಣ ಇಳಿಯುವುದರಿಂದ ಒಟ್ಟು ಡೋಸನ್ನು ಹಂಚಿ ನುಂಗುವುದು ಒಳ್ಳೆಯದು.

ಎರಡನೇ ತಪ್ಪು ವಾರಕ್ಕೊಂದು 60,000 ಯೂನಿಟ್ಟಿನ ವಿಟಮಿನ್ ಡಿ ಪುಡಿ. ಅದನ್ನು ಕೆಲಸದ ರೂಪಕ್ಕೆ ತಿರುಗಿಸಲು ಪಿಟಿಎಚ್ ಬೇಕು, ಈ ರೋಗಿಯಲ್ಲಿ ಇಲ್ಲದಿರುವುದೇ ಅದು. ದೇಹದ ಶೇಖರಣೆ ಮಿ.ಲೀ.ಗೆ 30 ನ್ಯಾನೋಗ್ರಾಂಗಿಂತ ಮೇಲಿರಲೆಂದು ಸಾದಾ ವಿಟಮಿನ್ ಡಿ ಕೊಡುವುದು ಸರಿ, ಆದರೆ ಅದು ಕ್ಯಾಲ್ಸಿಟ್ರಿಯಾಲ್ ಅಥವಾ ಆಲ್ಫಾಕ್ಯಾಲ್ಸಿಡಾಲ್ ಎಂಬ ಸಕ್ರಿಯ ವಿಟಮಿನ್ ಡಿಯ ಬದಲಿಗೆ ಬರಲಾರದು. ಅಂಗಡಿಯವರು ‘ಅದಿಲ್ಲ, ಇದೂ ಡಿ ವಿಟಮಿನ್ನೇ’ ಎಂದು ಕೊಟ್ಟದ್ದರಿಂದ ಕೈ ಸೆಟೆಸಿಕೊಂಡು ಬರುವವರು ಇದ್ದಾರೆ. ಔಷಧ ವ್ಯಾಪಾರಿಗಳಿಗೆ ಈ ಬಗ್ಗೆ ಒಂದು ಸುತ್ತೋಲೆ ಹೊರಡಿಸಲು ತಮಗೆ ಖರ್ಚೇನೂ ಇಲ್ಲ.

ಕ್ಯಾಲ್ಸಿಯಂ ಮಾತ್ರೆ ನಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರಗಳಿಗೆ ಹೊಸದಲ್ಲ. ಗರ್ಭಿಣಿಯರಿಗೆ ದಿನಕ್ಕೆರಡರಂತೆ ಕೊಡುವ 500 ಮಿ.ಗ್ರಾಂ ಕ್ಯಾಲ್ಸಿಯಂ, 250 ಯೂನಿಟ್ ಡಿ3 ಮಾತ್ರೆ ಈ ರೋಗಿಗಳಿಗೂ ಸರಿಹೋಗುವ ಮಾತ್ರೆಯೇ. ವೈದ್ಯರ ಚೀಟಿ ಇದ್ದವರಿಗೆ ಅದನ್ನೇ ಕೊಡಲು ಆದೇಶವಾದರೆ ಅರ್ಧ ಕೆಲಸ ಮುಗಿಯಿತು. ಉಳಿದದ್ದು ಸಕ್ರಿಯ ವಿಟಮಿನ್ ಡಿ. ಇದರಲ್ಲಿ ಕೊಡಗಿಗೆ ನಮ್ಮ ಒಲವು ಆಲ್ಫಾಕ್ಯಾಲ್ಸಿಡಾಲ್ ಕಡೆಗೆ. ಕ್ಯಾಲ್ಸಿಟ್ರಿಯಾಲ್ ನಿಲ್ಲಿಸಿದರೆ ಅದರ ಬಲ ಎರಡು ಮೂರು ದಿನದಲ್ಲಿ ಇಳಿಯುತ್ತದೆ. ಆಲ್ಫಾಕ್ಯಾಲ್ಸಿಡಾಲ್‌ದು ಐದರಿಂದ ಏಳು ದಿನ. ರಸ್ತೆ ಮುಚ್ಚುವ ಊರಿನಲ್ಲಿ ಈ ಮೂರು ನಾಲ್ಕು ದಿನದ ಬೆಲೆ ದೊಡ್ಡದು. ಬದಲಿಸುವಾಗ ಡೋಸ್ ಸುಮಾರು ಎರಡು ಪಟ್ಟಾಗುತ್ತದೆ ಎಂಬುದು ನೆನಪಿರಬೇಕು, ವಾರದೊಳಗೆ ಕ್ಯಾಲ್ಸಿಯಂ ಮತ್ತೆ ನೋಡಬೇಕು. ಕ್ಯಾಲ್ಸಿಯಂ ಅತಿಯಾದಾಗ ಇಳಿಯುವುದೂ ಅಷ್ಟೇ ನಿಧಾನ, ಅದು ಇದರ ದೋಷ. ಬಾಯಾರಿಕೆ, ಮಲಬದ್ಧತೆ, ಪದೇಪದೇ ಮೂತ್ರ, ಮಂಕು ಕಂಡರೆ ಸಕ್ರಿಯ ವಿಟಮಿನ್ ಡಿ ನಿಲ್ಲಿಸಿ ಅದೇ ದಿನ ರಕ್ತ ಪರೀಕ್ಷಿಸಬೇಕು.

ಥೈರಾಯ್ಡ್ ತೆಗೆದವರು ಥೈರಾಕ್ಸಿನ್ ಮಾತ್ರೆಯನ್ನೂ ನುಂಗುತ್ತಾರೆ. ಕ್ಯಾಲ್ಸಿಯಂ ಅದನ್ನು ಹೊಟ್ಟೆಯಲ್ಲೇ ಹಿಡಿದುಕೊಂಡುಬಿಡುತ್ತದೆ, ಎರಡರ ನಡುವೆ ನಾಲ್ಕು ಗಂಟೆ ಅಂತರ ಬೇಕು. ಕಾಫಿಯೂ ಥೈರಾಕ್ಸಿನ್‌ಗೆ ಅಡ್ಡಿಯೇ. ಕೊಡಗಿನಲ್ಲಿ ಎದ್ದ ಕೂಡಲೇ ಕಾಫಿ ಬೇಡವೆಂದು ಹೇಳುವ ಧೈರ್ಯ ನಮಗಿಲ್ಲ, ಅರ್ಧದಿಂದ ಒಂದು ಗಂಟೆ ತಡೆದು ಕುಡಿಯಿರಿ ಎನ್ನಬಹುದು. ತೋಟದ ಕೆಲಸದವರಿಗೆ ಹೊಂದುವ ವೇಳೆ ಹೀಗೆ: ಬೆಳಿಗ್ಗೆ ಆರಕ್ಕೆ ಬರೀ ನೀರಿನಲ್ಲಿ ಥೈರಾಕ್ಸಿನ್, ಏಳಕ್ಕೆ ಕಾಫಿ, ಹತ್ತು ಗಂಟೆಯ ತಿಂಡಿಯ ಜೊತೆ ಮೊದಲ ಕ್ಯಾಲ್ಸಿಯಂ, ಮಧ್ಯಾಹ್ನದ ಊಟಕ್ಕೆ ಎರಡನೆಯದು, ರಾತ್ರಿಗೆ ಮೂರನೆಯದು. ಕಬ್ಬಿಣದ ಮಾತ್ರೆ, ಸಿಪ್ರೋಫ್ಲಾಕ್ಸಸಿನ್, ಡಾಕ್ಸಿಸೈಕ್ಲಿನ್‌ಗಳನ್ನೂ ಕ್ಯಾಲ್ಸಿಯಂನಿಂದ ದೂರ ಇಡಬೇಕು.

ಗುರಿ ಎಷ್ಟು? ಆರೋಗ್ಯವಂತರ 9.5 ಅಲ್ಲವೇ ಅಲ್ಲ. ಪಿಟಿಎಚ್ ಇಲ್ಲದ ಮೂತ್ರಪಿಂಡ ಕ್ಯಾಲ್ಸಿಯಂ ಹಿಡಿದಿಡಲಾರದು. ರಕ್ತದಲ್ಲಿ ಏರಿಸಿದಷ್ಟೂ ಮೂತ್ರದಲ್ಲಿ ಸೋರಿ ಕಲ್ಲಾಗುತ್ತದೆ, ವರ್ಷಗಳು ಕಳೆದಂತೆ ಮೂತ್ರಪಿಂಡವೇ ಸುಣ್ಣಗಟ್ಟುತ್ತದೆ. ಆದ್ದರಿಂದ 8ರಿಂದ 9ರ ನಡುವೆ, ಜುಮ್ಮೆನ್ನದಷ್ಟು ಇದ್ದರೆ ಸಾಕು. ಕ್ಯಾಲ್ಸಿಯಂ ಮತ್ತು ರಂಜಕದ ಅಂಕಿಗಳ ಗುಣಲಬ್ಧ 55ರ ಒಳಗಿರಲಿ. ಮೂರರಿಂದ ಆರು ತಿಂಗಳಿಗೊಮ್ಮೆ ಕ್ಯಾಲ್ಸಿಯಂ, ರಂಜಕ, ಮೆಗ್ನೀಷಿಯಂ, ಕ್ರಿಯಾಟಿನಿನ್ ನೋಡುವವರೂ 24 ಗಂಟೆಯ ಮೂತ್ರದ ಪರೀಕ್ಷೆಯನ್ನು ಬಿಡುತ್ತಾರೆ, ಹಾನಿ ಮೊದಲು ಕಾಣುವುದು ಅಲ್ಲೇ. ವಿಧಾನ ಸರಳ: ಬೆಳಿಗ್ಗೆ ಎದ್ದಾಗಿನ ಮೊದಲ ಮೂತ್ರವನ್ನು ಚೆಲ್ಲಿ ಗಂಟೆ ಬರೆದುಕೊಳ್ಳುವುದು, ಆಮೇಲಿನದೆಲ್ಲ ಕ್ಯಾನಿಗೆ, ಮರುದಿನ ಅದೇ ಗಂಟೆಯ ಮೊದಲ ಮೂತ್ರವೂ ಕ್ಯಾನಿಗೆ. ಮೊದಲಿನದನ್ನು ಚೆಲ್ಲದೆ ಸೇರಿಸಿದರೆ ಲೆಕ್ಕ ಕೆಡುತ್ತದೆ. ದಿನದ ಮೂತ್ರದಲ್ಲಿ ಕ್ಯಾಲ್ಸಿಯಂ ಹೆಂಗಸರಿಗೆ 250, ಗಂಡಸರಿಗೆ 300 ಮಿ.ಗ್ರಾಂ ಮೀರಿದರೆ ಮೊದಲು ಕ್ಯಾಲ್ಸಿಯಂ ಡೋಸ್ ಇಳಿಸಿ ನೋಡಬೇಕು, ಉಪ್ಪು ಕಡಿಮೆ ಮಾಡಿಸಬೇಕು (ಉಪ್ಪು ಹೆಚ್ಚಾದಷ್ಟೂ ಕ್ಯಾಲ್ಸಿಯಂ ಮೂತ್ರಕ್ಕೆ ಹೋಗುತ್ತದೆ, ಮಳೆಗಾಲದ ಒಣಮೀನು, ಉಪ್ಪಿನಕಾಯಿಯೇ ಇಲ್ಲಿ ಮುಖ್ಯ ಕಳ್ಳರು), ಆಮೇಲೆ ಮೂತ್ರದ ಕ್ಯಾಲ್ಸಿಯಂ ತಗ್ಗಿಸುವ ಹೈಡ್ರೋಕ್ಲೋರೋಥಯಜೈಡ್ 25 ಮಿ.ಗ್ರಾಂನಿಂದ ಶುರು ಮಾಡಿ ಪೊಟ್ಯಾಸಿಯಂ ಮೇಲೆ ಕಣ್ಣಿಡಬೇಕು. ಇನ್ನೊಂದು ಮೂತ್ರವರ್ಧಕ ಫ್ಯುರೋಸೆಮೈಡ್ ಇದಕ್ಕೆ ಪೂರ್ತಿ ವಿರುದ್ಧ, ಕ್ಯಾಲ್ಸಿಯಂ ಇನ್ನಷ್ಟು ಹೊರಗೆ ಹಾಕಿಸುತ್ತದೆ.

ಊಟದ ಬಗ್ಗೆ ಹೆಚ್ಚಿಲ್ಲ. ಪಂದಿ ಕರಿ ಬಿಡಿ ಎಂದು ಯಾರೂ ಹೇಳಬೇಕಿಲ್ಲ. ರಂಜಕ ಏರಿದ್ದರೆ ಪ್ರಮಾಣ ಇಳಿಸಿ, ಕೋಲಾ ಪಾನೀಯ ನಿಲ್ಲಿಸಿ ಎಂದರೆ ಆಯಿತು. ಬಸುರಿಯರಿಗೆ ಮೂರು ನಾಲ್ಕು ವಾರಕ್ಕೊಮ್ಮೆ ಕ್ಯಾಲ್ಸಿಯಂ ನೋಡಬೇಕು, ಮೊಲೆಯೂಡುವಾಗ ಔಷಧದ ಅಗತ್ಯ ಥಟ್ಟನೆ ಇಳಿಯುವುದುಂಟು. ವಾಂತಿ ಭೇದಿ ಹಿಡಿದರೆ ಮಾತ್ರೆ ಹೊಟ್ಟೆಯಲ್ಲಿ ನಿಲ್ಲದು, ಮನೆಯಲ್ಲಿ ಕಾಯದೆ ಬಂದು ಡ್ರಿಪ್ ಹಾಕಿಸಿಕೊಳ್ಳಬೇಕು. ಆಪರೇಷನ್ ಆದವರಲ್ಲಿ ಬಹಳಷ್ಟು ಜನರ ಗ್ರಂಥಿಗಳು ವಾರಗಳಲ್ಲೋ ತಿಂಗಳುಗಳಲ್ಲೋ ಚೇತರಿಸಿಕೊಳ್ಳುತ್ತವೆ. ಹನ್ನೆರಡು ತಿಂಗಳು ಕಳೆದೂ ಪಿಟಿಎಚ್ ಬರದಿದ್ದರೆ ಮಾತ್ರ ಶಾಶ್ವತ ಎನ್ನಬೇಕು. ಯಾರೂ ಪರೀಕ್ಷಿಸದೆ ಹತ್ತು ವರ್ಷದಿಂದ ಸುಮ್ಮನೆ ಮಾತ್ರೆ ನುಂಗುವ ಸ್ಥಿತಿ ಬರಬಾರದು.

ಇನ್ನು ಹೊಸ ಔಷಧಗಳು. ಮೇಲಿನ ಚಿಕಿತ್ಸೆಯೆಲ್ಲ ಕೊರತೆಯ ಪರಿಣಾಮವನ್ನು ತುಂಬುವುದು, ಕಳೆದುಹೋದ ಹಾರ್ಮೋನ್ ಅನ್ನು ಕೊಡುವುದಲ್ಲ. ಆ ಹಾರ್ಮೋನನ್ನೇ ಚುಚ್ಚುವ ಪ್ರಯತ್ನದಲ್ಲಿ ಮೊದಲು ಮಾರುಕಟ್ಟೆಗೆ ಬಂದದ್ದು 84 ಅಮೈನೋ ಆಮ್ಲಗಳ ಪೂರ್ಣ ಪಿಟಿಎಚ್. ಅಮೆರಿಕದಲ್ಲಿ 2015ರಲ್ಲಿ ನ್ಯಾಟ್‌ಪಾರಾ ಎಂಬ ಹೆಸರಿನಲ್ಲಿ. 2019ರ ಸೆಪ್ಟೆಂಬರ್‌ನಲ್ಲಿ ಅದರ ಕಾರ್ಟ್ರಿಜ್‌ನ ರಬ್ಬರ್ ಮುಚ್ಚಳದಿಂದ ಚೂರುಗಳು ಉದುರುವುದು ಕಂಡು ಅಲ್ಲಿ ವಾಪಸ್ ಪಡೆದರು. 2024ರ ಕೊನೆಗೆ ತಯಾರಿಕೆಯೇ ನಿಂತಿತು. ಪಿಟಿಎಚ್ ಥಟ್ಟನೆ ನಿಲ್ಲಿಸಿದಾಗ ಮೂಳೆಗಳು ಕ್ಯಾಲ್ಸಿಯಂ ಎಳೆದುಕೊಳ್ಳತೊಡಗುತ್ತವೆ, ರಕ್ತದಲ್ಲಿನ ಮಟ್ಟ ಮೊದಲಿಗಿಂತಲೂ ಕೆಳಕ್ಕೆ ಬೀಳಬಹುದು. ಎಂಥ ಹೊಸ ಇಂಜೆಕ್ಷನ್ ಬಂದರೂ ರೋಗಿಯ ಮನೆಯಲ್ಲಿ ಹಳೆಯ ಮಾತ್ರೆಯ ಡಬ್ಬಿ ಇರಲೇಬೇಕು ಎಂದು ನಾವು ಹೇಳುವುದು ಇದಕ್ಕೇ.

ಭಾರತದಲ್ಲಿ ಸದ್ಯ ಕೈಗೆಟಕುವುದು ಟೆರಿಪ್ಯಾರಟೈಡ್, ಪಿಟಿಎಚ್‌ನ ಮೊದಲ 34 ಕೊಂಡಿಗಳ ತುಂಡು. ಅನುಮತಿ ಇರುವುದು ಮೂಳೆಸವೆತಕ್ಕೆ. ಈ ರೋಗಕ್ಕೆ ಬಳಸುವುದು ತಜ್ಞರ ಹೊಣೆಯ ಮೇಲೆ. ಚುಚ್ಚಿದ ಮೇಲೆ ರಕ್ತದಲ್ಲಿ ಒಂದು ಗಂಟೆಗೆ ಅರ್ಧವಾಗುವುದರಿಂದ ದಿನಕ್ಕೊಮ್ಮೆ ಸಾಲದು, 20 ಮೈಕ್ರೋಗ್ರಾಂ ಎರಡು ಹೊತ್ತು ಬೇಕಾಗುತ್ತದೆ. 600 ಮೈಕ್ರೋಗ್ರಾಂ ಪೆನ್ ಒಂದರಲ್ಲಿ 28 ಡೋಸ್. ಮೂಳೆಸವೆತದವರಿಗೆ ನಾಲ್ಕು ವಾರ ಬರುವುದು ಇವರಿಗೆ 14 ದಿನ. ತೆರೆದ ಮೇಲೂ 2ರಿಂದ 8 ಡಿಗ್ರಿಯಲ್ಲೇ ಇರಬೇಕು, ಫ್ರೀಜರ್ ಗೋಡೆಗೆ ತಾಗಿ ಹೆಪ್ಪುಗಟ್ಟಿದರೆ ಎಸೆಯಬೇಕು. ಎರಡು ದಿನ ಕರೆಂಟಿಲ್ಲದ ಮನೆಗೆ ಇದು ಸುಲಭದ ಮಾತಲ್ಲ.

ಈಗ ನಿಜವಾಗಿ ಗಮನ ಸೆಳೆದಿರುವುದು ಪ್ಯಾಲೊಪೆಗ್‌ಟೆರಿಪ್ಯಾರಟೈಡ್, ಯೋರ್ವಿಪಾತ್ ಎಂಬ ಹೆಸರಿನದು. ಯುರೋಪಿನಲ್ಲಿ 2023ರ ನವೆಂಬರ್, ಅಮೆರಿಕದಲ್ಲಿ 2024ರ ಆಗಸ್ಟ್‌ನಲ್ಲಿ ಅನುಮತಿ ಪಡೆಯಿತು. ಅದೇ 34 ಕೊಂಡಿಯ ತುಂಡನ್ನು ಒಂದು ದೊಡ್ಡ ವಾಹಕ ಅಣುವಿಗೆ ಕಟ್ಟಿರುತ್ತಾರೆ; ದೇಹದ ಬಿಸಿಗೆ ಆ ಗಂಟು ಸ್ವಲ್ಪಸ್ವಲ್ಪವಾಗಿ ಬಿಚ್ಚಿಕೊಂಡು ದಿನವಿಡೀ ಹಾರ್ಮೋನ್ ತೊಟ್ಟಿಕ್ಕುತ್ತದೆ. ದಿನಕ್ಕೊಂದೇ ಚುಚ್ಚುಮದ್ದು, 18 ಮೈಕ್ರೋಗ್ರಾಂನಿಂದ ಶುರು, ಒಮ್ಮೆಗೆ 3 ಮೈಕ್ರೋಗ್ರಾಂ ಮೇಲೆ ಕೆಳಗೆ; ಏರಿಸುವುದಾದರೆ ಏಳು ದಿನಕ್ಕೆ ಮೊದಲಲ್ಲ. ಮೂರನೇ ಹಂತದ ಪರೀಕ್ಷೆಯಲ್ಲಿ 26 ವಾರಕ್ಕೆ, ಔಷಧ ಪಡೆದವರಲ್ಲಿ ನೂರಕ್ಕೆ 79 ಮಂದಿಯ ಕ್ಯಾಲ್ಸಿಯಂ ಸರಿಯಾದ ಮಟ್ಟದಲ್ಲಿದ್ದು, ಸಕ್ರಿಯ ವಿಟಮಿನ್ ಡಿಯ ಹಾಗೂ ಹೆಚ್ಚಿನ ಕ್ಯಾಲ್ಸಿಯಂ ಮಾತ್ರೆಯ ಹಂಗು ತಪ್ಪಿತ್ತು. ಹುಸಿ ಔಷಧದವರಲ್ಲಿ ನೂರಕ್ಕೆ 5 ಮಂದಿಗೆ ಮಾತ್ರ. ಇದರ ಪೆನ್ ಒಮ್ಮೆ ಬಳಸಲು ತೊಡಗಿದ ಮೇಲೆ 30 ಡಿಗ್ರಿ ಒಳಗೆ 14 ದಿನ ಫ್ರಿಜ್ ಇಲ್ಲದೆ ಇಡಬಹುದು. ಮಡಿಕೇರಿಯ ಹವೆಗೆ ಹೇಳಿ ಮಾಡಿಸಿದಂತಿದೆ, ಬೆಲೆಯೊಂದು ಬಿಟ್ಟು. ಅಡ್ಡ ಪರಿಣಾಮಗಳಲ್ಲಿ ಎದ್ದಾಗ ತಲೆ ತಿರುಗುವುದು, ಚುಚ್ಚಿದ ಜಾಗ ಕೆಂಪಾಗುವುದು, ಹಳೆಯ ಮಾತ್ರೆ ಇಳಿಸದೆ ಮುಂದುವರಿಸಿದರೆ ಕ್ಯಾಲ್ಸಿಯಂ ಅತಿಯಾಗುವುದು ಮುಖ್ಯ. ಆಪರೇಷನ್ ಆದ ಕೂಡಲೇ ಬರುವ ಕೊರತೆಗೆ ಇದನ್ನು ಪರೀಕ್ಷಿಸಿಲ್ಲ.

ಹಿಂದೆಯೇ ಇನ್ನೂ ಕೆಲವು ಬರುತ್ತಿವೆ. ಎನೆಬೊಪ್ಯಾರಟೈಡ್ ಮೂತ್ರದ ಕ್ಯಾಲ್ಸಿಯಂ ತಗ್ಗಿಸುವುದರತ್ತ ಹೆಚ್ಚು ಗಮನ ಇಟ್ಟ ಇಂಜೆಕ್ಷನ್, 2025ರಲ್ಲಿ ಮೂರನೇ ಹಂತದ ಗುರಿ ಮುಟ್ಟಿತು. ಕ್ಯಾನ್ವುಪ್ಯಾರಟೈಡ್ ವಾರಕ್ಕೊಮ್ಮೆ ಚುಚ್ಚಲೆಂದು ತಯಾರಾಗುತ್ತಿರುವುದು. ಕೈಗೂಡಿದರೆ ನಮ್ಮಂಥ ಊರುಗಳಿಗೆ ಅದಕ್ಕಿಂತ ಒಳ್ಳೆಯದಿಲ್ಲ. ಎನ್‌ಕ್ಯಾಲರೆಟ್ ಬಾಯಿಯಿಂದ ನುಂಗುವ ಔಷಧ, ಆದರೆ ಕ್ಯಾಲ್ಸಿಯಂ ಅಳೆಯುವ ಗ್ರಾಹಿಯೇ ಜೀನ್ ದೋಷದಿಂದ ಅತಿ ಚುರುಕಾದವರಿಗೆಂದೇ ಅದು ಮುಖ್ಯವಾಗಿ ತಯಾರಾದದ್ದು. ಪಿಟಿಎಚ್‌ನ ಕೆಲಸ ಮಾಡುವ ಮಾತ್ರೆಯೊಂದು, ಎಸ್‌ಇಪಿ-786, ಬಿಲಿರುಬಿನ್ ಏರಿಸಿದ್ದರಿಂದ 2025ರ ಫೆಬ್ರವರಿಯಲ್ಲಿ ನಿಂತುಹೋಯಿತು.

ಇವೆಲ್ಲ ಎಲ್ಲರಿಗೂ ಬೇಕಿಲ್ಲ. ಮಾತ್ರೆಯಲ್ಲಿ ಕ್ಯಾಲ್ಸಿಯಂ ಏರಿಳಿತ ನಿಲ್ಲದವರು, ಮೂತ್ರದಲ್ಲಿ ಸೋರಿಕೆ ನಿಲ್ಲದವರು, ರಂಜಕ ಇಳಿಯದವರು, ಮೂತ್ರಪಿಂಡ ಕುಗ್ಗುತ್ತಿರುವವರು, ಕರುಳು ಹೀರಿಕೊಳ್ಳದವರು, ಇಂಥವರನ್ನು ಮಾತ್ರ ಹಾರ್ಮೋನ್ ಚಿಕಿತ್ಸೆಗೆ ಎಂಡೋಕ್ರೈನ್ ತಜ್ಞರ ಬಳಿ ಕಳಿಸಬೇಕು. ಯಾರು ಅಂಥವರು ಎಂದು ಹೇಳಲು ಕೈಯಲ್ಲಿ ದಾಖಲೆ ಇರಬೇಕು. ಆದ್ದರಿಂದ ಜಿಲ್ಲೆಗೊಂದು ನೋಂದಣಿ ಪುಸ್ತಕ ಬೇಕು: ರೋಗಿಯ ಊರು, ಆಪರೇಷನ್ ಆದ ವರ್ಷ, ಡೋಸ್, ಕೊನೆಯ ಕ್ಯಾಲ್ಸಿಯಂ, ಕೊನೆಯ 24 ಗಂಟೆಯ ಮೂತ್ರ. ರಾಜ್ಯದ ಆರೋಗ್ಯ ವಿಮೆ ವಾರ್ಡಿಗೆ ದಾಖಲಾದವರ ಖರ್ಚು ನೋಡುತ್ತದೆ. ಜೀವನಪರ್ಯಂತ ನುಂಗುವ ಮಾತ್ರೆ, ಆರು ತಿಂಗಳಿಗೊಮ್ಮೆಯ ಪರೀಕ್ಷೆ ಅದರ ಹೊರಗೇ ಉಳಿಯುತ್ತವೆ. ಲೈನ್ ಮನೆಯಲ್ಲಿರುವ ಕೂಲಿ ಕಾರ್ಮಿಕರು ಮಾತ್ರೆ ಬಿಡುವುದು ಮರೆವಿನಿಂದಲ್ಲ.

ಹಾಗಾಗಿ ಮೇ 31ರೊಳಗೆ ಆಗಬೇಕಾದ್ದನ್ನು ಮತ್ತೊಮ್ಮೆ ಕೇಳುತ್ತೇವೆ: ಆಂಪೂಲ್‌ಗಳು, ನೋಂದಾಯಿತ ರೋಗಿಗಳಿಗೆ ಆರು ವಾರಕ್ಕಾಗುವಷ್ಟು ಕ್ಯಾಲ್ಸಿಯಂ ಮತ್ತು ಆಲ್ಫಾಕ್ಯಾಲ್ಸಿಡಾಲ್ ಒಂದೇ ಸಲ ಕೈಗೆ, ಭಾನುವಾರವೂ ಎರಡು ಗಂಟೆಯೊಳಗೆ ಕ್ಯಾಲ್ಸಿಯಂ ವರದಿ ಕೊಡುವ ಪ್ರಯೋಗಾಲಯ, ಕನಿಷ್ಠ ಮಡಿಕೇರಿ, ವಿರಾಜಪೇಟೆ, ಸೋಮವಾರಪೇಟೆಗಳಲ್ಲಿ, ಮತ್ತು ಪ್ರತಿ ರೋಗಿಯ ಜೇಬಿನಲ್ಲಿ ‘ನನಗೆ ಪ್ಯಾರಾಥೈರಾಯ್ಡ್ ಹಾರ್ಮೋನ್ ಇಲ್ಲ. ಕೈ ಸೆಟೆದರೆ, ಫಿಟ್ಸ್ ಬಂದರೆ ಕ್ಯಾಲ್ಸಿಯಂ ಗ್ಲುಕೋನೇಟ್ ಕೊಡಿ’ ಎಂದು ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಅಚ್ಚಾದ ಒಂದು ಕಾರ್ಡು. 108ರ ಸಿಬ್ಬಂದಿ ಅದನ್ನು ಓದಲಿ.

ಇಂತಿ ತಮ್ಮ ವಿಶ್ವಾಸಿಗಳು,
ಈ ರೋಗದ ಚಿಕಿತ್ಸೆ ಮತ್ತು ಔಷಧ ವಿತರಣೆಯಲ್ಲಿ ತೊಡಗಿರುವ ಕೊಡಗಿನ ಕೆಲವರು